ಕಿಟಕಿಗೆ ಕರೆದ ಹಕ್ಕಿ

ಅತ್ತೆ ಹಾಸಿಗೆ ಹಿಡಿದ ಮೇಲೆ ಆ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದೂ ಕೇಳಿಸತೊಡಗಿತು.

ಮನೆಯ ಯಜಮಾನ ನಲ್ಲಿ, ಪೈಪು ರಿಪೇರಿ ಮಾಡುವವನು. ಬೀದಿಯವರ ನಲ್ಲಿಗಳನ್ನೆಲ್ಲ ಬಿಗಿ ಮಾಡಿ ಬರುತ್ತಿದ್ದ. ತನ್ನ ಅಡುಗೆಮನೆಯ ನಲ್ಲಿಗೆ ಮಾತ್ರ ಅವನ ಕೈ ಹೋಗಿರಲಿಲ್ಲ. ಮೊದಲಾಗಿದ್ದರೆ ಅತ್ತೆ ಅದೊಂದಕ್ಕೇ ಮೂರೂ ಮಹಡಿಗೆ ಕೇಳುವ ಹಾಗೆ ಮಗನ ನೀರಿಳಿಸುತ್ತಿದ್ದರು. ಅವರು ಶಾಲೆಯೊಂದರಲ್ಲಿ ಗಂಟೆ ಹೊಡೆಯುವ ಆಯಾ ಆಗಿದ್ದವರು. ಗಂಟೆ ಬಿರುಕುಬಿಟ್ಟ ದಿನ ಬರೀ ಗಂಟಲಿನಿಂದಲೇ ಶಾಲೆ ಬಿಡಿಸಿದರಂತೆ ಎಂದು ಜನ ನಗುತ್ತಿದ್ದರು. ಅಂಥವರು ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದವರು ಹಿಂದಿನ ಕೋಣೆಯ ಕಬ್ಬಿಣದ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ‘ಹೂಂ’, ‘ಬೇಡ’, ಇವೆರಡೇ ಅವರ ಮಾತಾದವು.

ಸೊಸೆ ಮೊದಲೇ ಮಾತು ಕಡಿಮೆಯವಳು. ಅತ್ತೆಯ ಗದ್ದಲದ ಹಿಂದೆ ಮರೆಯಾಗಿ ನಿಂತು ಅಭ್ಯಾಸವಾಗಿದ್ದವಳು. ಈಗ ಆ ಗದ್ದಲವೇ ಇಲ್ಲ. ಅನ್ನ ಕಲಸಿ ತಟ್ಟೆ ಹಿಡಿದುಕೊಂಡು ಮಂಚದ ಪಕ್ಕ ಸುಮ್ಮನೆ ಕೂರುತ್ತಿದ್ದಳು. ಎರಡು ತುತ್ತು ಒಳಗೆ ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ.

ಮಲಗಿ ಮಲಗಿ ಬೆನ್ನಿನಲ್ಲಾದ ಹುಣ್ಣು ತೊಳೆದು ಕಟ್ಟಲು ಆಸ್ಪತ್ರೆಯಿಂದ ಒಬ್ಬ ನರ್ಸ್ ಬರುತ್ತಿದ್ದರು. ಎಲ್ಲರಿಗೂ ಅವರು ಸಿಸ್ಟರ್. ಒಂದು ದಿನ ಅವರು ಸೊಸೆಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

“ನೋಡಮ್ಮ, ಇವರು ಎದ್ದು ಕೂರಲೇಬೇಕು. ಹೀಗೇ ಮಲಗಿದ್ರೆ ಹುಣ್ಣು ಒಳಗೇ ಇಳಿಯುತ್ತೆ. ಎದೇಲಿ ಕಫ ಕಟ್ಟುತ್ತೆ. ಆಮೇಲೆ ನನ್ನ ಕೈಲೂ ಏನೂ ಇರಲ್ಲ.”

“ಕೂರಿಸಿದ್ರೆ ಜಾರಿಬಿಡ್ತಾರೆ, ಸಿಸ್ಟರ್. ಯಾಕೆ ಕೂರಬೇಕು ಅಂತಾರೆ.”

ಸಿಸ್ಟರ್ ಚೀಲ ಹೆಗಲಿಗೇರಿಸಿದರು. ನಲ್ಲಿ ತೊಟ್ಟಿಕ್ಕಿತು.

ಆ ‘ಯಾಕೆ’ಗೆ ಉತ್ತರ ಬಂದದ್ದು ಕಿಟಕಿಯ ಕಡೆಯಿಂದ. ಹಿಂದಿನ ಕೋಣೆಯ ಕಿಟಕಿಯಾಚೆ ಒಂದು ಇಕ್ಕಟ್ಟಾದ ಓಣಿ. ಓಣಿಯ ಆಚೆ ಬದಿಗೆ ಮುಚ್ಚಿಹೋದ ಒಂದು ಅಚ್ಚುಕೂಟದ ಹಿಂಗೋಡೆ. ಗೋಡೆಯ ಮೇಲೆಲ್ಲ ಪಾಚಿ, ನಡುವೆ ಮುರಿದ ಪೈಪಿನ ಬಾಯಿ. ಗೋಡೆಯ ತಲೆಯಾಚೆ ದೂರದ ಮನೆಗಳು, ನೀರಿನ ಟ್ಯಾಂಕುಗಳು. ಒಂದು ಬೆಳಗಿನ ಜಾವ ಸೊಸೆ ಅತ್ತೆಯ ಮಗ್ಗುಲು ಬದಲಿಸುತ್ತಿದ್ದಾಗ ಹೊರಗೆ ಯಾರೋ ಸಿಳ್ಳೆ ಹಾಕಿದರು. ಉದ್ದಕ್ಕೆ ಎಳೆದು, ತಿರುಗಿಸಿ, ಕೊನೆಯಲ್ಲೊಂದು ಕೊಂಕು ಕೊಟ್ಟು.

“ಯಾರೇ ಅದು, ಬೆಳಬೆಳಗ್ಗೆ ಸಿಳ್ಳೆ ಹೊಡೆಯೋ ಪೋಲಿ?” ಎಂದರು ಅತ್ತೆ.

ಸೊಸೆಯ ಕೈ ಹಾಗೇ ನಿಂತಿತು. ಎಷ್ಟೋ ವಾರಗಳ ಮೇಲೆ ಅವರ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ಅವಳು ಕಿಟಕಿಗೆ ಹೋಗಿ ನೋಡಿದಳು.

“ಮನುಷ್ಯರಲ್ಲ ಅತ್ತೆ, ಹಕ್ಕಿ. ಕಪ್ಪು ಬಿಳುಪು. ಬಾಲ ಎತ್ಕೊಂಡು ಕೂತಿದೆ.”

“ನನಗೆ ಕಾಣ್ತಿಲ್ವಲ್ಲೇ.”

“ಎದ್ದು ಕೂತ್ರೆ ಕಾಣುತ್ತೆ.”

ಅತ್ತೆ ಎರಡು ದಿಂಬಿಗೆ ಒರಗಿ ಕೂತರು. ಕಣ್ಣು ಕಿರಿದು ಮಾಡಿ ನೋಡಿದರು. ಗೋಡೆಯ ಮೇಲೊಂದು ಮಸಿಯ ಚುಕ್ಕೆ ಅಲುಗಿದ ಹಾಗಾಯಿತೇ ಹೊರತು ಬೇರೇನೂ ಕಾಣಲಿಲ್ಲವಂತೆ. ಆದರೂ ಆ ದಿನ ನಾಲ್ಕು ತುತ್ತು ಹೆಚ್ಚಿಗೆ ಉಂಡರು.

ಮುಂದಿನ ಸಲ ಸಿಸ್ಟರ್ ಬಂದಾಗ ಸೊಸೆ ಹಿಂಜರಿಯುತ್ತಲೇ ಹಕ್ಕಿಯ ವಿಷಯ ಹೇಳಿದಳು. ಇಷ್ಟು ದೊಡ್ಡ ಕೆಲಸದವರ ಹತ್ತಿರ ಹಕ್ಕಿಯ ಮಾತೇನು ಎಂದು ಅವಳಿಗೆ ನಾಚಿಕೆ. ಸಿಸ್ಟರ್ ಮಾತ್ರ ಹುಣ್ಣಿನ ಪಟ್ಟಿ ಕಟ್ಟಿ ಮುಗಿಸಿ ಕೈ ತೊಳೆದು, ತಮ್ಮ ಚೀಲದ ತಳದಿಂದ ಒಂದು ದುರ್ಬೀನು ಹೊರತೆಗೆದರು.

“ಇದೇನ್ರೀ, ಸೂಜಿ ಇಡೋ ಚೀಲದಲ್ಲಿ ದುರ್ಬೀನು!” ಎಂದರು ಅತ್ತೆ.

“ನನಗೂ ಮನಸ್ಸು ಅಂತ ಒಂದಿದೆ ಅಲ್ವಾ ಅಮ್ಮ. ದಿನಾ ಹುಣ್ಣು, ಗಾಯ ನೋಡಿ ನೋಡಿ ಸಾಕಾದಾಗ ಕೆರೆ ದಂಡೇಲಿ ಕೂತು ಇದರಲ್ಲಿ ಹಕ್ಕಿ ನೋಡ್ತೀನಿ. ಇದು ನಂದಲ್ಲ, ಲೈಬ್ರರಿದು. ಪುಸ್ತಕ ಕೊಟ್ಟ ಹಾಗೇ ಕೊಡ್ತಾರೆ.”

ಅವರು ದುರ್ಬೀನಿನ ಎರಡು ಕೊಳವೆಗಳನ್ನು ಅತ್ತೆಯ ಕಣ್ಣಿನ ಅಂತರಕ್ಕೆ ಹೊಂದಿಸಿದರು. ಕನ್ನಡಕ ತೆಗೆಯುವುದು ಬೇಡ, ಹಾಗೇ ಆನಿಸಿಕೊಳ್ಳಿ ಎಂದರು. “ಮೊದಲು ಬರಿಗಣ್ಣಲ್ಲಿ ಆ ಪೈಪಿನ ಬಾಯಿ ನೋಡಿ. ದೃಷ್ಟಿ ಅಲ್ಲೇ ಇರಲಿ, ದುರ್ಬೀನು ಮಾತ್ರ ಕಣ್ಣಿಗೆ ತನ್ನಿ. ಇದನ್ನ ಇಟ್ಕೊಂಡು ಹಕ್ಕಿ ಹುಡುಕೋಕೆ ಹೋದ್ರೆ ಬರೀ ಗೋಡೇನೇ ಸಿಗೋದು. ಈಗ ನಡುವಿನ ಗಾಲಿ ತಿರುಗಿಸಿ, ಮೆಲ್ಲಗೆ. ಸೂರ್ಯನ ಕಡೆ ಮಾತ್ರ ಅಪ್ಪಿತಪ್ಪಿಯೂ ತಿರುಗಿಸಬೇಡಿ, ಕಣ್ಣು ಹೋಗುತ್ತೆ.”

ಅತ್ತೆಯ ಕೈ ನಡುಗುತ್ತಿತ್ತು. ಸೊಸೆ ಮೊಣಕೈಯ ಕೆಳಗೆ ದಿಂಬು ಕೊಟ್ಟಳು. ಅತ್ತೆ ಗಾಲಿಯನ್ನು ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ತಿರುಗಿಸಿದರು.

“ಅಯ್ಯೋ,” ಎಂದರು ಅತ್ತೆ. “ಕಣ್ಣು ಮಿಟುಕಿಸ್ತಿದೆ ಕಣೇ.”

ಸಿಸ್ಟರ್ ಚಿತ್ರಗಳಿದ್ದ ಒಂದು ಪುಟ್ಟ ಪುಸ್ತಕ ಬಿಡಿಸಿ ತೋರಿಸಿದರು. ಹಕ್ಕಿ ಎಷ್ಟು ದೊಡ್ಡದು, ಕೊಕ್ಕು ಹೇಗಿದೆ, ಬಾಲ ಎತ್ತಿದೆಯೋ ಇಳಿಬಿಟ್ಟಿದೆಯೋ, ಎಲ್ಲಿ ಕೂತಿದೆ, ಇಷ್ಟು ನೋಡಿಕೊಂಡು ಪುಟ ತಿರುಗಿಸಬೇಕಂತೆ. ಮಡಿವಾಳ ಹಕ್ಕಿ. ಗಂಡು ಕಪ್ಪು ಬಿಳುಪು, ಹೆಣ್ಣು ಬೂದು. ಗೋಡೆ, ಮರದ ತೂತುಗಳಲ್ಲಿ ಗೂಡು. ಸೊಸೆಯ ಫೋನಿಗೆ ಒಂದು ಆ್ಯಪನ್ನೂ ಹಾಕಿಕೊಟ್ಟರು. ಹೊರಗಿನ ಸಿಳ್ಳೆ ಕೇಳಿಸಿಕೊಂಡು ಅದೂ ಅದೇ ಹೆಸರು ತೋರಿಸಿತು.

“ಇದು ಕೆಲವು ಸಲ ತಪ್ಪೂ ಹೇಳುತ್ತೆ. ಕಣ್ಣಲ್ಲಿ ನೋಡಿ ಖಾತ್ರಿ ಮಾಡ್ಕೋಬೇಕು. ಇನ್ನೊಂದು ಮಾತು, ನೆನಪಿಟ್ಕೋ ತಾಯಿ. ಇದರೊಳಗೆ ಹಕ್ಕಿಗಳ ದನೀನೂ ಇದೆ. ಅದು ನೀನು ಕೇಳಿ ಕಲಿಯೋಕೆ. ಹಕ್ಕಿಗೆ ಕೇಳಿಸೋಕಲ್ಲ. ಫೋನು ಕೇಳಿಸ್ಕೊಳ್ಳಲಿ, ಹಾಡೋದು ಬೇಡ.”

ಹಾಗೆ ಹೇಳಿ ದುರ್ಬೀನು, ಪುಸ್ತಕ ಎತ್ತಿಕೊಂಡು ಹೊರಟರು. ಅವರ ಗಡುವು ಮುಗಿದಿತ್ತು, ವಾಪಸು ಕೊಡಬೇಕು. “ನಿಮ್ಮವರನ್ನ ಲೈಬ್ರರಿಗೆ ಕಳಿಸು, ನಿಮ್ಮ ಹೆಸರಲ್ಲೇ ಕೊಡ್ತಾರೆ,” ಎಂದರು. ಮರುದಿನದಿಂದ ಅವರಿಗೆ ರಜೆ. ಬದಲಿಗೆ ಬಂದ ಹುಡುಗಿ ಪಟ್ಟಿ ಕಟ್ಟಿ, ಚಪ್ಪಲಿ ಸರಿಯಾಗಿ ಮೆಟ್ಟುವ ಮೊದಲೇ ಮೆಟ್ಟಿಲಿಳಿದಿರುತ್ತಿದ್ದಳು.

ಗಂಡ ಲೈಬ್ರರಿಯ ಮಾತು ಕೇಳಿ ನಕ್ಕ.

“ದುರ್ಬೀನು ಹಿಡ್ಕೊಂಡು ನಾನೇನು ಯುದ್ಧಕ್ಕೆ ಹೊರಡಬೇಕಾ? ಹಕ್ಕಿ ನೋಡೋಕೂ ಪುಸ್ತಕ ಓದಬೇಕಂತೆ. ಫೋನಲ್ಲಿ ಎಲ್ಲಾ ಇರೋವಾಗ ಅದನ್ನೆಲ್ಲ ಯಾರು ಹೊರ್ತಾರೆ?”

“ಅತ್ತೆಗೆ ದೂರದ್ದು ಕಾಣಲ್ಲ ರೀ.”

“ದೂರ ಯಾಕೆ ನೋಡಬೇಕು? ಹತ್ತಿರಕ್ಕೇ ಕರೆದ್ರಾಯ್ತು.”

ಅವನು ಮಂಚದ ತುದಿಯಲ್ಲಿ ಕೂತು ಹೆಂಡತಿಯ ಫೋನು ತೀಡಿದ. ಆ ಹಕ್ಕಿಯ ಚಿತ್ರದ ಕೆಳಗಿದ್ದ ದನಿ ಒತ್ತಿ ಕಿಟಕಿಗೆ ಹಿಡಿದ. ಸಿಳ್ಳೆ ಹೊರಟಿತು.

“ಸಿಸ್ಟರ್ ಹಾಡಿಸಬೇಡ ಅಂದಿದ್ರು,” ಎಂದಳು ಸೊಸೆ.

“ಸಿಸ್ಟರಿಗೆ ಸೂಜಿ ಗೊತ್ತು. ಸುಮ್ನಿರು.”

ಅವನ ಮಾತು ಮುಗಿಯುವಷ್ಟರಲ್ಲಿ ಹಕ್ಕಿ ಕಿಟಕಿಯ ಸರಳಿನ ಮೇಲೆ ಬಂದು ಕೂತಿತ್ತು. ರೆಕ್ಕೆ ಇಳಿಬಿಟ್ಟು, ಬಾಲ ಬೀಸಣಿಗೆಯ ಹಾಗೆ ಬಿಡಿಸಿ, ಎದೆ ಉಬ್ಬಿಸಿ ಹಾಡಿದ್ದೇ ಹಾಡಿದ್ದು. ಅತ್ತೆ ಯಾರ ಕೈಯನ್ನೂ ಹಿಡಿಯದೆ ಎದ್ದು ಕೂತರು.

“ನನಗೋಸ್ಕರ ಬಂತಲ್ಲೋ ಮಗನೇ!”

ಅಮ್ಮನ ಮುಖ ನೋಡಿ ಮಗನ ಕಣ್ಣು ತುಂಬಿತು. ಆಮೇಲೆ ಅವನನ್ನು ತಡೆಯುವವರು ಯಾರು? ಹಳೆಯದೊಂದು ಸ್ಪೀಕರ್ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟ. ಕೆಲಸಕ್ಕೆ ಹೋಗುವಾಗ ದನಿ ಮತ್ತೆ ಮತ್ತೆ ಬರುವ ಹಾಗೆ ಹಾಕಿಟ್ಟು ಹೋಗುತ್ತಿದ್ದ. ಕೆಳಮಹಡಿಯ ಮುದುಕಿ ಒಬ್ಬಳಿದ್ದಳು. ಹಗಲೆಲ್ಲ ಮೆಟ್ಟಿಲಲ್ಲೇ ಕೂತು ಹೋಗಿ ಬರುವವರನ್ನೆಲ್ಲ ವಿಚಾರಿಸುವವಳು. ಮಕ್ಕಳು ಅವಳನ್ನು ಮೆಟ್ಟಿಲಜ್ಜಿ ಎನ್ನುತ್ತಿದ್ದರು. ಅವಳೂ ಏದುಸಿರು ಬಿಡುತ್ತ ಮೇಲೆ ಬಂದು ನೋಡಿದಳು.

“ನಿನಗೇನಮ್ಮ ಮಹಾರಾಣಿ, ಮಂಚದ ಹತ್ತಿರಕ್ಕೇ ಕಛೇರಿ! ನನ್ನ ಮಗ ಕರೆದ್ರೆ ಕಾಗೇನೂ ಬರಲ್ಲ.”

ಅತ್ತೆ ನಕ್ಕರು. ಅನ್ನ ಹಾಕಿಸಿಕೊಂಡು ಉಂಡರು. ಬೆನ್ನಿನ ಹುಣ್ಣಿನ ಅಂಚು ಕೂಡಿಕೊಳ್ಳತೊಡಗಿತು. ಮನೆಗೆ ಜೀವ ಬಂದಿತ್ತು, ಸಂತೋಷಪಡಬೇಕಾಗಿತ್ತು.

ಸೊಸೆಯ ಕಣ್ಣಿಗೆ ಮಾತ್ರ ಬೇರೊಂದು ಬಿತ್ತು. ಎಲ್ಲರೂ ಸರಳಿನ ಮೇಲಿನ ಕಪ್ಪು ಹಕ್ಕಿಯನ್ನು ನೋಡುತ್ತಿದ್ದಾಗ ಅವಳು ಆಚೆ ತಂತಿಯ ಮೇಲಿನ ಬೂದು ಹಕ್ಕಿಯನ್ನು ನೋಡುತ್ತಿದ್ದಳು. ಅದರ ಕೊಕ್ಕಿನಲ್ಲಿ ಹಸಿರು ಹುಳು. ಗೂಡಿದ್ದ ಪೈಪಿನ ಬಾಯಿಯ ತನಕ ಹಾರಿ, ಸ್ಪೀಕರಿನ ಸಿಳ್ಳೆ ಕೇಳಿ ಮತ್ತೆ ತಂತಿಗೆ ಮರಳುತ್ತಿತ್ತು. ಹುಳು ಒದ್ದಾಡಿ ಸುಮ್ಮನಾಗುತ್ತಿತ್ತು. ಹಕ್ಕಿ ಅದನ್ನು ಕಚ್ಚಿಕೊಂಡೇ ಕೂತಿರುತ್ತಿತ್ತು. ಗಂಡುಹಕ್ಕಿಯೂ ಅಷ್ಟೇ. ಮೊದಲು ಹುಳು ತರುತ್ತಿದ್ದದ್ದು ಈಗ ಹೊತ್ತೆಲ್ಲ ಕಿಟಕಿಯಲ್ಲೇ.

“ಅದು ಗೂಡಿಗೆ ಹೋಗ್ತಾ ಇಲ್ಲ ರೀ,” ಎಂದಳು ಗಂಡನಿಗೆ.

“ಹೆಣ್ಣಲ್ವಾ, ನಾಚಿಕೆ ಇರಬೇಕು. ನಿನ್ನ ಥರ,” ಎಂದು ಅವನು ಸ್ಪಾನರ್ ಚೀಲ ಹೆಗಲಿಗೇರಿಸಿದ.

ಅವನು ಹೋದ ಮೇಲೆ ಸೊಸೆ ಸ್ಪೀಕರಿನ ದನಿ ತಗ್ಗಿಸಿದಳು.

“ಯಾಕೇ ಕಮ್ಮಿ ಮಾಡ್ದೆ? ಜಾಸ್ತಿ ಮಾಡು,” ಎಂದರು ಅತ್ತೆ. “ಅದು ಬರದೇ ಇದ್ರೆ ನನಗೆ ಅನ್ನ ಸೇರಲ್ಲ.”

ಸೊಸೆ ಜಾಸ್ತಿ ಮಾಡಿದಳು. ಇನ್ನೇನು ಮಾಡಲಿಕ್ಕಿತ್ತು? ಅತ್ತೆ ಉಣ್ಣುವುದನ್ನು ನೋಡಬೇಕೋ, ಆ ಹುಳುವನ್ನು ನೋಡಬೇಕೋ ತಿಳಿಯದೆ ತಟ್ಟೆಯ ಕಡೆಗೇ ಕಣ್ಣಿಟ್ಟಳು.

ಒಂದು ಬೆಳಗ್ಗೆ ಸಿಳ್ಳೆಯ ಬದಲು ಕಾಗೆಗಳ ಗಲಾಟೆಗೆ ಅವಳಿಗೆ ಎಚ್ಚರವಾಯಿತು. ಪೈಪಿನ ಬಾಯಲ್ಲಿ ಒಂದು ಕಾಗೆ ಅರ್ಧ ಮೈ ತೂರಿಸಿತ್ತು. ಹೊರಗೆ ಎಳೆದದ್ದರಲ್ಲಿ ಒಂದಿಷ್ಟು ನಾರು, ಬೇರು, ಆಮೇಲೆ ಪುಕ್ಕ ಸರಿಯಾಗಿ ಮೂಡದ ಏನೋ ಒಂದು. ಸೊಸೆ ಕೈತಟ್ಟಿ ಕೂಗಿದಳು. ಕಾಗೆ ಅದನ್ನೂ ಕಚ್ಚಿಕೊಂಡು ಹಾರಿತು.

ಅವಳು ಕಿಟಕಿಯ ಪರದೆ ಎಳೆದಳು. ಅತ್ತೆ ಕೇಳಿದ್ದಕ್ಕೆ ಬಿಸಿಲು ಎಂದಳು. ಬಿಸಿಲು ಇನ್ನೂ ಬಂದಿರಲಿಲ್ಲ.

ಗಂಡ ಎಂದಿನಂತೆ ಸ್ಪೀಕರ್ ಹಾಕಿದ. ಯಾರೂ ಬರಲಿಲ್ಲ. ಸಂಜೆ ಹಾಕಿದ. ಮರುದಿನ ಹಾಕಿದ. ಖಾಲಿ ಓಣಿಗೆ ಮುಖ ಮಾಡಿಕೊಂಡು ಆ ಡಬ್ಬಿ ಒಂದೇ ಸಮನೆ ಸಿಳ್ಳೆ ಹೊಡೆಯಿತು. ಎದುರುಗೋಡೆಗೆ ಬಡಿದು ಅದೇ ಸಿಳ್ಳೆ ವಾಪಸು ಬಂತು. ಅತ್ತೆ ಮೊದಲು ದಿಂಬಿನಿಂದ ಜಾರಿದರು, ಆಮೇಲೆ ಗೋಡೆಗೆ ತಿರುಗಿದರು. ‘ಹೂಂ’, ‘ಬೇಡ’ ಮರಳಿ ಬಂದವು.

ರಜೆ ಮುಗಿಸಿ ಬಂದ ಸಿಸ್ಟರಿಗೆ ಮೆಟ್ಟಿಲಲ್ಲೇ ಆ ಸಿಳ್ಳೆ ಕೇಳಿಸಿತು. ಒಳಗೆ ಬಂದವರು ಚೀಲ ಕೆಳಗಿಡುವ ಮೊದಲು ಸ್ಪೀಕರ್ ಆರಿಸಿದರು.

“ಯಾರು ಹಾಕಿದ್ದು ಇದನ್ನ?”

“ನಾನೇ,” ಎಂದ ಗಂಡ. “ಏನಾಯ್ತು? ಹಾಡು ಕೇಳಿ ಖುಷಿಯಾಗಿ ಬರ್ತಿತ್ತು. ಈಗ ಯಾಕೋ ಬರ್ತಿಲ್ಲ.”

“ಗೂಡಿಗೆ ಕಾಗೆ ಬಿತ್ತು, ಸಿಸ್ಟರ್. ಮರಿ ಹೋಯ್ತು,” ಎಂದಳು ಸೊಸೆ ಮೆಲ್ಲಗೆ.

“ಖುಷಿ ಅಲ್ಲಪ್ಪ ಅದು.” ಸಿಸ್ಟರ್ ಮಂಚದ ತುದಿಯಲ್ಲಿ ಕೂತರು. “ನಿನ್ನ ಮನೆ ಬಾಗಿಲಲ್ಲಿ ಯಾರೋ ಒಬ್ಬ ನಿಂತು, ಇದು ನನ್ನ ಮನೆ, ನೀನು ಹೊರಗೆ ಹೋಗು ಅಂತ ಹಗಲೆಲ್ಲ ಕೂಗಿದ್ರೆ ಏನು ಮಾಡ್ತೀಯ? ಕೆಲಸಕ್ಕೆ ಹೋಗ್ತೀಯ? ಹೆಂಡತಿ ಮಕ್ಕಳನ್ನ ಬಿಟ್ಟು ಬಾಗಿಲಿಗೆ ಓಡಿ ಬರ್ತೀಯ. ಅದೂ ಅದೇ ಮಾಡಿದ್ದು. ಇನ್ನೊಂದು ಗಂಡುಹಕ್ಕಿ ಬಂದು ತನ್ನ ಜಾಗ ಕಿತ್ಕೊಳ್ತಿದೆ ಅಂದ್ಕೊಂಡು ಜಗಳಕ್ಕೆ ಬರ್ತಿತ್ತು. ಆ ಜಗಳಾನೇ ನೀವು ಹಾಡು ಅಂದ್ಕೊಂಡ್ರಿ. ಅಷ್ಟು ಹೊತ್ತೂ ಮರಿಗಳಿಗೆ ಹಸಿವು. ಹಸಿದ ಮರಿ ಚೀರುತ್ತೆ, ಚೀರಿದ್ದು ಕಾಗೆಗೆ ಕೇಳುತ್ತೆ.”

“ನಾನು ಅಮ್ಮನಿಗೋಸ್ಕರ ಮಾಡಿದ್ದು, ಸಿಸ್ಟರ್.”

“ಗೊತ್ತಪ್ಪ. ಅದೂ ಮಕ್ಕಳಿಗೋಸ್ಕರಾನೇ ಬರ್ತಿತ್ತು.”

ಗಂಡ ಸ್ಪೀಕರನ್ನು ಕೈಗೆತ್ತಿಕೊಂಡು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಮಂಚದಿಂದ ಅತ್ತೆಯ ದನಿ ಬಂತು. ಮುಖ ಇನ್ನೂ ಗೋಡೆಗೇ ಇತ್ತು.

“ನನ್ನ ಕೂರಿಸೋಕೆ ಅದರ ಮನೆ ಹಾಳು ಮಾಡಿದ್ವೇನೋ?”

ಗಂಡ ಸ್ಪೀಕರನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದ.

ಆ ಸಂಜೆ ಗಂಡ ಊಟ ಮಾಡದೆ ಅಡುಗೆಮನೆಯ ನಲ್ಲಿ ಬಿಚ್ಚಿ, ಒಳಗಿನ ವಾಷರ್ ಬದಲಿಸಿ, ಬಿಗಿ ಮಾಡಿದ. ತೊಟ್ಟಿಕ್ಕುವುದು ನಿಂತಿತು. ಮನೆ ಇನ್ನಷ್ಟು ಸ್ತಬ್ಧವಾಯಿತು. ಮರುದಿನ ಲೈಬ್ರರಿಗೆ ಹೋಗಿ ದುರ್ಬೀನು, ಪುಸ್ತಕ ತಂದ. ದೊಡ್ಡ ದುರ್ಬೀನು ಕೇಳಿದನಂತೆ. ಅಲ್ಲಿದ್ದವರು, ಎಂಟು ಪಟ್ಟು ಹತ್ತಿರ ತೋರಿಸುವುದೇ ಸಾಕು, ಅದಕ್ಕಿಂತ ಹೆಚ್ಚಿನದು ಕೈ ನಡುಗುವವರಿಗೆ ನಿಲ್ಲುವುದಿಲ್ಲ ಎಂದು ಹಗುರವಾದದ್ದನ್ನು ಕೊಟ್ಟರು.

ಅತ್ತೆ ಅದನ್ನು ಮುಟ್ಟಲಿಲ್ಲ. ಹುಣ್ಣು ಮತ್ತೆ ಬಾಯಿ ಬಿಟ್ಟಿತು. ಉಸಿರಿನಲ್ಲಿ ಗೊರಗೊರ ಸದ್ದು ಸೇರಿಕೊಂಡಿತು.

ಹೀಗಾಗಿ ಕಿಟಕಿಯಲ್ಲಿ ಸೊಸೆಯೇ ಕೂತಳು. ಮಾತಾಡಿ ಅಭ್ಯಾಸವಿಲ್ಲದವಳು, ಕಂಡದ್ದನ್ನೆಲ್ಲ ಮೆಲ್ಲಗೆ ಹೇಳತೊಡಗಿದಳು. ತಂತಿಯ ಮೇಲೆ ಎರಡು ಗುಬ್ಬಿ. ಮೋಡದ ಕೆಳಗೆ ಒಂದು ಹದ್ದು, ಬಾಲ ಕವಲು. ಪುಸ್ತಕವನ್ನೂ ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು. ಶಾಲೆ ಬೇಗ ಬಿಟ್ಟವಳಿಗೆ ಒತ್ತಕ್ಷರ ಬಂದಲ್ಲೆಲ್ಲ ನಾಲಿಗೆ ತೊಡರುತ್ತಿತ್ತು.

“ಪುನ... ಪುಕ...”

“ಪುಕ್ಕ,” ಎಂದರು ಅತ್ತೆ ಗೋಡೆಯ ಕಡೆಯಿಂದ. “ಕ್ಲಾಸಿನ ಹೊರಗೆ ಸ್ಟೂಲು ಹಾಕ್ಕೊಂಡು ಕೂತೇ ಇದಕ್ಕಿಂತ ಚೆನ್ನಾಗಿ ಕಲ್ತಿದ್ದೆ ನಾನು. ಮುಂದೆ ಓದು.”

ಸೊಸೆ ಮುಂದೆ ಓದಿದಳು. ಗೂಡಿನ ಹತ್ತಿರ ಹೋಗಬಾರದು. ಗೂಡು ಎಲ್ಲಿದೆಯೆಂದು ಫೋಟೊ ತೆಗೆದು ಊರಿಗೆಲ್ಲ ಹಂಚಬಾರದು. ದನಿ ಹಾಕಿ ಕರೆಯಬಾರದು. ಅಲ್ಲಿಗೆ ಬಂದಾಗ ನಾಲಿಗೆ ತೊಡರದೆಯೂ ನಿಲ್ಲಿಸಿದಳು.

ಮಳೆ ಬಿಟ್ಟ ಒಂದು ಬೆಳಗ್ಗೆ, ಗಂಡ ಕೆಲಸಕ್ಕೆ ಹೊರಡುವ ಹೊತ್ತು. ಮೆಟ್ಟಿಲಜ್ಜಿ ಅತ್ತೆಯನ್ನು ನೋಡಲು ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಸೊಸೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಅವಳು ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಬಲು ದೂರದಿಂದ, ನೂಲಿನಷ್ಟು ತೆಳ್ಳಗೆ, ಒಂದು ಸಿಳ್ಳೆ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಕೇಳಿಸುತ್ತಲೇ ಇರಲಿಲ್ಲ. ಅವಳು ಫೋನನ್ನು ಸರಳಿನಾಚೆ ಹಿಡಿದಳು. ಫೋನು ಬಹಳ ಹೊತ್ತು ಕೇಳಿಸಿಕೊಂಡು ಆ ಹೆಸರನ್ನೇ ತೋರಿಸಿತು. ಆಮೇಲೆ ದುರ್ಬೀನು ಹಿಡಿದು ಮನೆಗಳ ಮೇಲಿಂದ ಹುಡುಕಿದಳು. ನಾಲ್ಕು ಬೀದಿಯಾಚೆ, ನೀರಿನ ಟ್ಯಾಂಕಿನ ಅಂಚಿನಲ್ಲಿ, ಎತ್ತಿದ ಬಾಲ.

“ಅದೇನಾ?” ಎಂದ ಗಂಡ.

“ಗೊತ್ತಿಲ್ಲ ರೀ. ಬೇರೇದೂ ಇರಬಹುದು.”

“ನೋಡ್ತಾ ಏನ್ರೋ ಕೂತ್ರಿ?” ಎಂದಳು ಮೆಟ್ಟಿಲಜ್ಜಿ. “ಆ ಡಬ್ಬಿ ಎಲ್ಲೋ? ಹಾಕು, ಬರುತ್ತೆ. ಪಾಪ, ಇವಳು ಒಂದ್ಸಲ ನೋಡ್ಲಿ.”

ಗಂಡ ಅಮ್ಮನ ಕಡೆ ನೋಡಿದ. ಉಸಿರು ಗೊರಗುಡುತ್ತಿತ್ತು. ಇನ್ನೆಷ್ಟು ದಿನವೋ ಎಂಬ ಯೋಚನೆ ಅವನ ಮುಖದ ಮೇಲೆ ಹಾದುಹೋದದ್ದನ್ನು ಸೊಸೆ ಕಂಡಳು. ಅವನ ಕಣ್ಣು ಒಂದು ಗಳಿಗೆ ಕಪಾಟಿನ ಕಡೆ ಹೋಯಿತು. ಸ್ಪೀಕರ್ ಅಲ್ಲಿತ್ತು.

“ಮುಟ್ಟಿದ್ರೆ ನೋಡು!” ಎಂದರು ಅತ್ತೆ.

ಗಂಟೆ ಹೊಡೆದ ಹಾಗಿತ್ತು. ಮೆಟ್ಟಿಲಜ್ಜಿ ಸ್ಟೂಲಿನ ಮೇಲೆ ಬೆಚ್ಚಿದಳು. ಅತ್ತೆ ಕೆಮ್ಮಿದರು, ಉಸಿರು ಹಿಡಿದುಕೊಂಡರು, ಗೋಡೆಯಿಂದ ಮುಖ ತಿರುಗಿಸಿದರು.

“ಅದು ಅಲ್ಲೇ ಇರಲಿ. ಇಲ್ಲಿಗೆ ಯಾರೂ ಕರೀಬೇಡಿ. ಏಯ್, ಆ ದುರ್ಬೀನು ಕೊಡೇ ಇಲ್ಲಿ. ನೀನೇನು ನೋಡ್ತಾ ನಿಂತಿದೀಯೋ, ಎತ್ತಿ ಕೂರಿಸು ನನ್ನ.”

ಮಗ ಎತ್ತಿ ಕೂರಿಸಿದ. ಸೊಸೆ ಮೊಣಕೈಯ ಕೆಳಗೆ ದಿಂಬು ಕೊಟ್ಟಳು. ಅತ್ತೆ ಮೊದಲು ಬರಿಗಣ್ಣಿನಿಂದ ಟ್ಯಾಂಕು ನೋಡಿಕೊಂಡರು, ದೃಷ್ಟಿ ಕದಲಿಸದೆ ದುರ್ಬೀನು ಏರಿಸಿದರು, ಗಾಲಿ ತಿರುಗಿಸಿದರು. ನೋಯುತ್ತಿತ್ತು, ಹಲ್ಲು ಕಚ್ಚಿಕೊಂಡಿದ್ದರು. ಆದರೂ ಹಕ್ಕಿ ಹಾರಿಹೋಗುವ ತನಕ ಇಳಿಸಲಿಲ್ಲ. ಎದುರಿನ ಪೈಪಿನ ಬಾಯಿ ಖಾಲಿಯಾಗಿಯೇ ಇತ್ತು. ಅದು ಆ ವರ್ಷವೆಲ್ಲ ಖಾಲಿಯಾಗಿಯೇ ಉಳಿಯಿತು.

ಇದನ್ನು ಓದಿದವರೇ, ಓದಿಸಿಕೊಂಡು ಕೇಳಿದವರೇ, ನಿಮ್ಮ ಮನೆಯಲ್ಲೂ ಕಿಟಕಿಯೊಂದೇ ದಿಕ್ಕಾದವರು ಇರಬಹುದು. ಅವರಿಗೆ ಹಕ್ಕಿ ತೋರಿಸಿ. ಹಗುರವಾದ ಒಂದು ದುರ್ಬೀನು, ಚಿತ್ರವಿರುವ ಒಂದು ಪುಸ್ತಕ, ದನಿ ಕೇಳಿ ಹೆಸರು ಹೇಳುವ ಫೋನು ಇದ್ದರೆ ಅಷ್ಟು ಸಾಕು. ಹತ್ತಿರದ ಲೈಬ್ರರಿಯಲ್ಲಿ, ಶಾಲೆಯಲ್ಲಿ, ಹಕ್ಕಿ ನೋಡುವ ಗುಂಪುಗಳಲ್ಲಿ ಕೇಳಿ ನೋಡಿ. ಇಲ್ಲವೆಂದರೆ ತರಿಸಿ ಎಂದು ಒತ್ತಾಯಿಸಿ. ಆದರೆ ಫೋನಿನ ಸಿಳ್ಳೆ ಹಾಕಿ ಹಕ್ಕಿಯನ್ನು ಮಾತ್ರ ಕರೆಯಬೇಡಿ, ಗೂಡು ಕಟ್ಟುವ ಕಾಲದಲ್ಲಂತೂ ಬೇಡವೇ ಬೇಡ. ಅದು ನಮ್ಮ ಮೇಲಿನ ಪ್ರೀತಿಗೆ ಬರುವುದಿಲ್ಲ, ಮರಿಗಳನ್ನು ಹಸಿವಿನಲ್ಲಿ ಬಿಟ್ಟು ಜಗಳಕ್ಕೆ ಬರುತ್ತದೆ. ನಾಳೆ ಬೆಳಗ್ಗೆ ನಿಮ್ಮ ಕಿಟಕಿಯ ಹೊರಗೆ ಸಿಳ್ಳೆ ಕೇಳಿದರೆ ಮನೆಯ ಸದ್ದೆಲ್ಲ ನಿಲ್ಲಿಸಿ ಸುಮ್ಮನೆ ಕೂತುಕೊಳ್ಳಿ. ಅದು ಎಲ್ಲಿದೆಯೋ ಅಲ್ಲೇ ಇರಲಿ. ನೀವು ದುರ್ಬೀನು ಎತ್ತಿ.